ಬಲ್ಲವನ ಹೆಗಲಿನ ಭಾರ



“ಅವನಿಗೆ ಯಾವ ಕೆಲಸ ಕೊಟ್ಟರೂ ಮಾಡುತ್ತಾನೆ” ಎಂದು ನಾವು ಒಬ್ಬರ ಕುರಿತು ಹೇಳುವಾಗ ಅದು ಹೊಗಳಿಕೆಯೋ, ಹೊರೆಯೋ? ಪ್ರಶ್ನೆ ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡೀತು. ಬಹುಮುಖ ಪ್ರತಿಭೆ ಎಂಬುದು ನಮ್ಮ ನಡುವೆ ಸದಾ ಮೆಚ್ಚುಗೆಯ ಮಾತು. ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದ ಅರ್ಜುನನನ್ನು ಸವ್ಯಸಾಚಿ ಎಂದು ಕರೆದರು. ಇಂದಿಗೂ ಹಲವು ವಿದ್ಯೆ ಬಲ್ಲವರಿಗೆ ಆ ಹೆಸರನ್ನೇ ಬಿರುದಾಗಿ ಕೊಡುತ್ತೇವೆ. ಆದರೆ ಬಿರುದು ಕೊಟ್ಟ ಮೇಲೆ ನಮ್ಮ ಕರ್ತವ್ಯ ಮುಗಿಯಿತೆಂದು ಸುಮ್ಮನಾಗುತ್ತೇವೆ. ಹಲವು ಕೆಲಸ ಬಲ್ಲ ಒಬ್ಬನಿಂದ ಹಲವು ಕೆಲಸಗಳನ್ನು ಪಡೆದುಕೊಂಡವರು ಅವನಿಗೆ ಸಲ್ಲಿಸಬೇಕಾದದ್ದು ಏನು? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವ ಬದಲು, ಕಳೆದ ಶತಮಾನದ ನಡುಗಾಲದಲ್ಲಿ ಅಮೆರಿಕದಲ್ಲಿ ಬಾಳಿದ ಒಬ್ಬ ಆಟಗಾರರ ಬದುಕನ್ನು ಮುಂದಿಟ್ಟುಕೊಂಡು ಚಿಂತಿಸೋಣ. ಅವರ ಹೆಸರು ಫ್ರಾಂಕ್ ಗಿಫರ್ಡ್.

ತತ್ವಜ್ಞಾನಿಗಳ ಕತ್ತಿ

ಆಟದ ಅಂಗಳಕ್ಕಿಳಿಯುವ ಮುನ್ನ ಒಂದು ಹಳೆಯ ವಿಚಾರವನ್ನು ನೆನೆಯುವುದು ಒಳಿತು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದ ಆರಂಭದಲ್ಲಿಯೇ ಡೆಲ್ಫಿ ಎಂಬ ಊರಿನ ಒಂದು ಬಗೆಯ ಕತ್ತಿಯನ್ನು ಪ್ರಸ್ತಾಪಿಸುತ್ತಾನೆ. ಅದು ಹಲವು ಕೆಲಸಗಳಿಗೆ ಒದಗಲೆಂದು ಕಮ್ಮಾರರು ಮಿತವ್ಯಯದಿಂದ ಮಾಡಿದ ಕತ್ತಿ. ಪ್ರಕೃತಿ ಹಾಗೆ ಜಿಪುಣತನ ತೋರುವುದಿಲ್ಲ, ಒಂದೊಂದು ಕಾರ್ಯಕ್ಕೆ ಒಂದೊಂದನ್ನು ರೂಪಿಸುತ್ತದೆ, ಒಂದೇ ಕೆಲಸಕ್ಕೆಂದು ಮಾಡಿದ ಉಪಕರಣವೇ ಶ್ರೇಷ್ಠ ಎಂಬುದು ಅವನ ವಾದ. ಅವನ ಗುರು ಪ್ಲೇಟೋ ಕೂಡ ತನ್ನ ಆದರ್ಶ ನಗರದಲ್ಲಿ ಪ್ರತಿಯೊಬ್ಬನೂ ತನ್ನ ಸ್ವಭಾವಕ್ಕೆ ಹೊಂದುವ ಒಂದೇ ಕಸುಬನ್ನು ಮಾಡಬೇಕೆಂದು ಬಯಸಿದ್ದನು.

ಎರಡು ಸಾವಿರ ವರ್ಷಗಳ ತರುವಾಯ, 1776ರಲ್ಲಿ, ಆಡಂ ಸ್ಮಿತ್ ಅದೇ ವಿಚಾರವನ್ನು ಅರ್ಥಶಾಸ್ತ್ರದ ತಳಹದಿಯನ್ನಾಗಿ ಮಾಡಿದನು. ಗುಂಡುಸೂಜಿ ತಯಾರಿಕೆಯನ್ನು ಸುಮಾರು 18 ಹಂತಗಳಾಗಿ ಹಂಚಿಕೊಂಡರೆ ಹತ್ತು ಮಂದಿ ದಿನವೊಂದಕ್ಕೆ 48,000 ಸೂಜಿಗಳನ್ನು ಮಾಡಬಲ್ಲರು. ಒಬ್ಬನೇ ಎಲ್ಲವನ್ನೂ ಮಾಡಹೊರಟರೆ 20 ಸೂಜಿಗಳೂ ಆಗಲಾರವು ಎಂದು ಅವನು ಲೆಕ್ಕ ಹೇಳಿದನು. ಇಂದಿನ ಆಸ್ಪತ್ರೆ, ಕಚೇರಿ, ಕಾರ್ಖಾನೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಒಬ್ಬರಿಗೆ ಒಂದು ಕೆಲಸ, ಅದರಲ್ಲಿಯೇ ಪರಿಣತಿ.

ಆದರೆ ಈ ಹೋಲಿಕೆಗಳಲ್ಲಿ ಒಂದು ಸೂಕ್ಷ್ಮ ಅಡಗಿದೆ. ಕತ್ತಿಗೆ ದಣಿವಿಲ್ಲ. ಅದರಿಂದ ಹಣ್ಣನ್ನೂ ಕತ್ತರಿಸಿ, ಹಗ್ಗವನ್ನೂ ಕೊಯ್ದರೆ ಅದರ ಬಾಯಿ ಮೊಂಡಾದೀತು, ನೋವಾಗದು. ಮನುಷ್ಯನಿಗೆ ನೋವಾಗುತ್ತದೆ. ಮನುಷ್ಯ ಹಲವು ಕೆಲಸಗಳಿಗೆ ಒದಗುವಾಗ ಕೇಳಬೇಕಾದ ಪ್ರಶ್ನೆ ಅವನು ಎಷ್ಟು ಚೆನ್ನಾಗಿ ಒದಗಿದ ಎಂಬುದಷ್ಟೇ ಅಲ್ಲ. ಒದಗುತ್ತಾ ಒದಗುತ್ತಾ ಅವನಿಗೇನಾಯಿತು ಎಂಬುದೂ ಹೌದು.

ಎಲ್ಲೆಡೆ ನಿಂತ ಆಟಗಾರ

ಅಮೆರಿಕನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಉದ್ದಮೊಗದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ದೂರಕ್ಕೆ ಎಸೆಯುವುದು, ಎಸೆದದ್ದನ್ನು ಹಿಡಿಯುವುದು ಅದರ ಜೀವಾಳ. ಪ್ರತಿ ತಂಡದಿಂದ ಹನ್ನೊಂದು ಮಂದಿ ಅಂಗಳದಲ್ಲಿರುತ್ತಾರೆ. ಚೆಂಡು ಪಡೆದ ತಂಡವು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಎದುರಾಳಿಗಳು ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿ ತಡೆಯಬೇಕು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದು ಕೆಡವುವುದನ್ನು ನೆನೆದರೆ ಸ್ವಲ್ಪ ಅಂದಾಜು ಸಿಗುತ್ತದೆ. ಆದರೆ ಇಲ್ಲಿ ನೂರು ಕಿಲೋ ತೂಗುವ ದೇಹಗಳು ಪೂರ್ಣ ವೇಗದಲ್ಲಿ ಡಿಕ್ಕಿಯಾಗುತ್ತವೆ.

ಆರಂಭದ ದಶಕಗಳಲ್ಲಿ ಆ ಹನ್ನೊಂದು ಮಂದಿಯೇ ದಾಳಿಯನ್ನೂ ಮಾಡುತ್ತಿದ್ದರು, ರಕ್ಷಣೆಯನ್ನೂ ನಿಭಾಯಿಸುತ್ತಿದ್ದರು. 1950ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದೆಂಬ ನಿಯಮವನ್ನು ಶಾಶ್ವತಗೊಳಿಸಿತು. ಅಂದಿನಿಂದ ದಾಳಿಗೆ ಒಂದು ಪಡೆ, ರಕ್ಷಣೆಗೆ ಮತ್ತೊಂದು ಪಡೆ ಎಂಬ ವಿಭಜನೆ ಬೇರೂರಿತು. ಆಡಂ ಸ್ಮಿತ್‌ನ ಸೂಜಿ ಕಾರ್ಖಾನೆ ಆಟದ ಮೈದಾನಕ್ಕೂ ಬಂತೆನ್ನಬಹುದು.

ಇಂಥ ಹೊತ್ತಿನಲ್ಲಿ, 1952ರಲ್ಲಿ, ಗಿಫರ್ಡ್ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದರು. 1930ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಜನಿಸಿದ ಅವರ ತಂದೆ ತೈಲಬಾವಿಗಳ ಕೆಲಸಗಾರ. ಕೆಲಸ ಸಿಕ್ಕಲ್ಲಿಗೆ ಸಂಸಾರ ಹೊತ್ತು ಸಾಗುವ ಆ ಕುಟುಂಬ ಊರಿಂದೂರಿಗೆ ಅಲೆಯುತ್ತಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗಲೇ ಓಡುವುದು, ಎಸೆಯುವುದು, ಹಿಡಿಯುವುದು, ಒದೆಯುವುದು ಎಲ್ಲವನ್ನೂ ಅವರು ಬಲ್ಲವರಾಗಿದ್ದರು. ಬಲ್ಲವರೆಂಬ ಕಾರಣಕ್ಕೇ ತಂಡ ಅವರನ್ನು ಎಲ್ಲದಕ್ಕೂ ಬಳಸಿತು. 1953ರ ಋತುವಿನಲ್ಲಿ ಅವರು ದಾಳಿಯ ಪಡೆಯಲ್ಲೂ ಇದ್ದರು, ರಕ್ಷಣೆಯ ಪಡೆಯಲ್ಲೂ ಇದ್ದರು. ಉಳಿದವರು ಬದಿಗೆ ಕುಳಿತು ಉಸಿರು ತೆಗೆದುಕೊಳ್ಳುವಾಗ ಗಿಫರ್ಡ್ ಅಂಗಳದಲ್ಲಿಯೇ ಉಳಿಯುತ್ತಿದ್ದರು. ಇಷ್ಟಾದರೂ ಆ ವರ್ಷ ಜೈಂಟ್ಸ್ ತಂಡ ಗೆದ್ದದ್ದು 3 ಪಂದ್ಯ, ಸೋತದ್ದು 9. ಒಬ್ಬನ ಮೇಲೆ ಎಲ್ಲವನ್ನೂ ಹೇರಿದ ಮಾತ್ರಕ್ಕೆ ಮನೆ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಬಲ್ಲವನನ್ನು ಅರಿತ ಗುರು

1954ರಲ್ಲಿ ತಂಡಕ್ಕೆ ಹೊಸ ತರಬೇತುದಾರರು ಬಂದರು. ದಾಳಿಯ ಹೊಣೆ ವಿನ್ಸ್ ಲೊಂಬಾರ್ಡಿಯವರದಾಯಿತು. ಮುಂದೆ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು ಕಟ್ಟಿ, ಇಂದು ಸೂಪರ್ ಬೌಲ್ ವಿಜೇತರಿಗೆ ಕೊಡುವ ಪಾರಿತೋಷಕಕ್ಕೇ ಹೆಸರಾಗಿ ನಿಂತವರು ಅವರು. ಲೊಂಬಾರ್ಡಿ ಗಿಫರ್ಡ್‌ರನ್ನು ದಾಳಿಯ ಹಾಫ್‌ಬ್ಯಾಕ್ ಸ್ಥಾನದಲ್ಲಿ ನೆಲೆಗೊಳಿಸಿದರು. ಎಲ್ಲೆಂದರಲ್ಲಿ ಬಳಸುವ ಪದ್ಧತಿಗೆ ತೆರೆಬಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲೊಂಬಾರ್ಡಿ ಗಿಫರ್ಡ್‌ರ ಬಹುಮುಖತೆಯನ್ನು ಕಿತ್ತುಹಾಕಲಿಲ್ಲ. ಅದಕ್ಕೊಂದು ನೆಲೆ ಕೊಟ್ಟರು. ಹಾಫ್‌ಬ್ಯಾಕ್ ಚೆಂಡು ಹಿಡಿದು ಅಂಗಳದ ಅಂಚಿನತ್ತ ಓಡುತ್ತಾನೆ. ಎದುರಾಳಿಗಳು ಅವನನ್ನು ತಡೆಯಲು ಮುನ್ನುಗ್ಗಿದರೆ ಅವರ ತಲೆಯ ಮೇಲಿಂದ ಚೆಂಡೆಸೆಯುತ್ತಾನೆ. ಎಸೆತ ತಡೆಯಲು ಹಿಂದೆ ಸರಿದರೆ ತಾನೇ ಓಡುತ್ತಾನೆ. ಹೀಗೆ ಎರಡನ್ನೂ ಬಲ್ಲವನು ಯಾವುದನ್ನು ಮಾಡುವನೆಂದು ಎದುರಾಳಿಗೆ ಕೊನೆಯ ಗಳಿಗೆಯವರೆಗೂ ತಿಳಿಯದು. ವೃತ್ತಿಜೀವನದಲ್ಲಿ ಗಿಫರ್ಡ್ ಎಸೆದದ್ದು 63 ಬಾರಿ ಮಾತ್ರ. ಅವುಗಳಲ್ಲಿ 14 ಎಸೆತಗಳು ಟಚ್‌ಡೌನ್ ಆದವು. ಎಸೆಯುವುದೇ ಕಸುಬಾದ ಕ್ವಾರ್ಟರ್‌ಬ್ಯಾಕ್ ಅಲ್ಲದವರಲ್ಲಿ ಇಷ್ಟು ಸಾಧಿಸಿದವರು ಆ ಲೀಗಿನಲ್ಲಿ ಮತ್ತೊಬ್ಬರಿಲ್ಲ.

1956ರಲ್ಲಿ ಅವರು ಓಡಿ 819 ಗಜ, ಹಿಡಿದು 603 ಗಜ ಗಳಿಸಿ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರು. ಆ ವರ್ಷದ ಡಿಸೆಂಬರ್ 30ರಂದು ಹೆಪ್ಪುಗಟ್ಟಿದ ಯಾಂಕಿ ಕ್ರೀಡಾಂಗಣದಲ್ಲಿ ಜೈಂಟ್ಸ್ ತಂಡ ಶಿಕಾಗೋ ಬೇರ್ಸ್ ತಂಡವನ್ನು 47-7ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮೂರು ವರ್ಷಗಳ ಹಿಂದೆ ಎಲ್ಲ ಕಡೆ ಹರಿದು ಹಂಚಿಹೋಗಿದ್ದ ಅದೇ ಸಾಮರ್ಥ್ಯ, ಅದನ್ನು ಅರಿತವರ ಕೈಯಲ್ಲಿ ಫಲ ಕೊಟ್ಟಿತು. ಒಬ್ಬರಿಗೆ ಏನೇನು ಬರುತ್ತದೆ ಎಂದು ತಿಳಿಯುವುದು ಸುಲಭ. ಅದರಲ್ಲಿ ಯಾವುದನ್ನು ಅವರಿಂದ ಕೇಳಬಾರದು ಎಂದು ತಿಳಿಯುವುದಕ್ಕೆ ವಿವೇಕ ಬೇಕು.

ಆದರೂ ಎಲ್ಲೆಡೆ ಇರುವವನು ಎಲ್ಲ ತಪ್ಪುಗಳ ಸಮೀಪದಲ್ಲೂ ಇರುತ್ತಾನೆ. 1958ರ ಡಿಸೆಂಬರ್ 28ರಂದು ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧದ ಅಂತಿಮ ಪಂದ್ಯದ ಮೊದಲರ್ಧದಲ್ಲಿ ಗಿಫರ್ಡ್‌ರ ಕೈಯಿಂದ ಎರಡು ಬಾರಿ ಚೆಂಡು ಜಾರಿತು. ಎರಡೂ ಬಾರಿ ಎದುರಾಳಿಗಳು ಅದರ ಲಾಭ ಪಡೆದರು. ಕೊನೆಯ ಕಾಲು ಭಾಗದ ಆರಂಭದಲ್ಲಿ ಅವರೇ ಚೆಂಡು ಹಿಡಿದು ಟಚ್‌ಡೌನ್ ಗಳಿಸಿ ತಂಡವನ್ನು 17-14ರ ಮುನ್ನಡೆಗೆ ತಂದರು. ಪಂದ್ಯದ ಕೊನೆಯಲ್ಲಿ ನಾಲ್ಕು ಗಜ ಬೇಕಿದ್ದಾಗಲೂ ಚೆಂಡು ಸಿಕ್ಕದ್ದು ಅವರಿಗೇ. ಕೆಲವೇ ಅಂಗುಲಗಳಷ್ಟು ಕಡಿಮೆಯಾಯಿತೆಂದು ಅಂಪೈರುಗಳು ತೀರ್ಮಾನಿಸಿದರು. ಹೆಚ್ಚುವರಿ ಅವಧಿಯಲ್ಲಿ ಕೋಲ್ಟ್ಸ್ 23-17ರಿಂದ ಗೆದ್ದಿತು. ಆ ಪಂದ್ಯದಲ್ಲಿ ಜಾರಿದ ಕೈಯೂ ಅವರದೇ, ಹಿಡಿದ ಕೈಯೂ ಅವರದೇ. ಹೆಚ್ಚು ಹೊಣೆ ಹೊತ್ತವರ ತಪ್ಪುಗಳನ್ನು ಎಣಿಸುವವರು ಅವರು ಹೊತ್ತ ಹೊಣೆಗಳನ್ನೂ ಎಣಿಸಬೇಕಲ್ಲವೇ?

ಇಬ್ಬರು ಸವ್ಯಸಾಚಿಗಳ ಡಿಕ್ಕಿ

ಈಗ ಮತ್ತೊಬ್ಬರನ್ನು ಪರಿಚಯಿಸಬೇಕಾಗಿದೆ. ಚಕ್ ಬೆಡ್‌ನಾರಿಕ್ 1925ರಲ್ಲಿ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಪಟ್ಟಣದಲ್ಲಿ ಹುಟ್ಟಿದರು. ತಂದೆತಾಯಿ ಸ್ಲೊವಾಕಿಯಾದಿಂದ ವಲಸೆ ಬಂದವರು. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ಎರಡನೆಯ ಮಹಾಯುದ್ಧದಲ್ಲಿ ಬೆಡ್‌ನಾರಿಕ್ ಬಾಂಬರ್ ವಿಮಾನದ ಬಂದೂಕುಗಾರನಾಗಿ 30 ಬಾರಿ ದಾಳಿಗೆ ಹೋಗಿ ಜೀವಂತ ಮರಳಿದ್ದರು. 1949ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇರಿದರು. ಆಟವಿಲ್ಲದ ತಿಂಗಳುಗಳಲ್ಲಿ ಕಾಂಕ್ರೀಟ್ ಮಾರಿ ಸಂಸಾರ ಸಾಗಿಸುತ್ತಿದ್ದುದರಿಂದ ಜನ ಅವರನ್ನು ‘ಕಾಂಕ್ರೀಟ್ ಚಾರ್ಲಿ’ ಎಂದು ಕರೆದರು. 1960ರಲ್ಲಿ, ಅವರ 35ನೆಯ ವಯಸ್ಸಿನಲ್ಲಿ, ರಕ್ಷಣೆಯ ಪಡೆಯ ಆಟಗಾರನೊಬ್ಬ ಗಾಯಗೊಂಡಾಗ ತಂಡ ಅವರನ್ನು ಎರಡೂ ಕಡೆ ಆಡುವಂತೆ ಕೇಳಿತು. ದಾಳಿಯಲ್ಲಿ ಸೆಂಟರ್, ರಕ್ಷಣೆಯಲ್ಲಿ ಲೈನ್‌ಬ್ಯಾಕರ್. ಅವರು ಒಪ್ಪಿದರು.

ಆ ವರ್ಷದ ನವೆಂಬರ್ 20ರಂದು ಯಾಂಕಿ ಕ್ರೀಡಾಂಗಣದಲ್ಲಿ ಈ ಇಬ್ಬರೂ ಎದುರಾದರು. ಈಗಲ್ಸ್ 17-10ರಿಂದ ಮುಂದಿತ್ತು. ಸಮಯ ಮುಗಿಯುತ್ತಾ ಬಂದಿತ್ತು. ಗಿಫರ್ಡ್ ಎಸೆತವೊಂದನ್ನು ಹಿಡಿದು ತಿರುಗಿದ ಕ್ಷಣದಲ್ಲಿ ಬೆಡ್‌ನಾರಿಕ್ ಅವರಿಗೆ ಅಪ್ಪಳಿಸಿದರು. ಗಿಫರ್ಡ್ ಹಿಂದಕ್ಕೆ ಬಿದ್ದರು, ಚೆಂಡು ಉರುಳಿತು, ಈಗಲ್ಸ್ ಅದನ್ನು ವಶಪಡಿಸಿಕೊಂಡಿತು. ಪ್ರಜ್ಞೆ ತಪ್ಪಿದ ಗಿಫರ್ಡ್‌ರನ್ನು ಅಂಗಳದಿಂದ ಹೊತ್ತೊಯ್ದು ಆಸ್ಪತ್ರೆಗೆ ಸೇರಿಸಿದರು. ಮೆದುಳಿಗೆ ತೀವ್ರ ಆಘಾತವಾಗಿತ್ತು.

ಆ ಗಳಿಗೆಯ ಛಾಯಾಚಿತ್ರವೊಂದು ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಪ್ರಸಿದ್ಧ. ನೆಲದ ಮೇಲೆ ಅಲುಗಾಡದೆ ಮಲಗಿರುವ ಗಿಫರ್ಡ್. ಅವರ ಬಳಿ ಮುಷ್ಟಿ ಬಿಗಿದು ಕುಣಿಯುತ್ತಿರುವ ಬೆಡ್‌ನಾರಿಕ್. ನೋಡಿದವರು ಅದನ್ನು ಕ್ರೌರ್ಯದ ಚಿತ್ರವೆಂದರು. ಬಿದ್ದವನ ಸ್ಥಿತಿ ತನಗೆ ಆಗ ತಿಳಿದಿರಲಿಲ್ಲ, ಪಂದ್ಯ ಗೆದ್ದ ಸಂತೋಷಕ್ಕೆ ಕುಣಿದೆ ಎಂದು ಬೆಡ್‌ನಾರಿಕ್ ಕೊನೆಯವರೆಗೂ ಹೇಳಿದರು. ಗಿಫರ್ಡ್ ಕೂಡ ಅದು ನಿಯಮಬದ್ಧ ಹೊಡೆತವೇ ಎಂದು ಒಪ್ಪಿಕೊಂಡರು, ಹಗೆ ಸಾಧಿಸಲಿಲ್ಲ.

ಓದುಗರೇ, ಆ ಚಿತ್ರದಲ್ಲಿರುವ ಇಬ್ಬರನ್ನು ವಿಚಾರಿಸುವುದು ಸುಲಭ. ಚಿತ್ರದಲ್ಲಿ ಕಾಣದವರೂ ಇದ್ದಾರೆ. 35ರ ಹರೆಯದವನನ್ನು ಎರಡೂ ಪಡೆಗಳಲ್ಲಿ ನಿಲ್ಲಿಸಿದವರು, ದಣಿವರಿಯದೆ ದುಡಿಯುವವನೆಂದು ಗಿಫರ್ಡ್‌ರನ್ನು ವರ್ಷಗಟ್ಟಲೆ ಬಳಸಿದವರು, ಹಣ ಕೊಟ್ಟು ಬಂದು ಚಪ್ಪಾಳೆ ತಟ್ಟಿದ ಸಹಸ್ರಾರು ಮಂದಿ. ಅವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ತಮ್ಮ ತಂಡವನ್ನು ಪ್ರೀತಿಸಿದವರೇ. ಆದರೂ ಆ ಪ್ರೀತಿಯೊಳಗೆ, ‘ಇವನು ತಾಳಿಕೊಳ್ಳುತ್ತಾನೆ’ ಎಂಬ ಒಂದು ನಂಬಿಕೆ ಯಾರೂ ಪರೀಕ್ಷಿಸದೆ ಕುಳಿತಿತ್ತು.

ಅದೇ ಡಿಸೆಂಬರ್ 26ರಂದು ನಡೆದ ಅಂತಿಮ ಪಂದ್ಯದಲ್ಲಿ ಬೆಡ್‌ನಾರಿಕ್ 60 ನಿಮಿಷಗಳ ಆಟದಲ್ಲಿ ಸುಮಾರು 58 ನಿಮಿಷ ಅಂಗಳದಲ್ಲಿದ್ದರು. ಲೊಂಬಾರ್ಡಿಯವರ ಗ್ರೀನ್ ಬೇ ತಂಡದ ಜಿಮ್ ಟೇಲರ್ ಅವರನ್ನು ಕೊನೆಯ ಗಳಿಗೆಯಲ್ಲಿ ತಡೆದು ಕೆಡವಿ 17-13ರ ಗೆಲುವನ್ನು ಉಳಿಸಿದವರೂ ಅವರೇ.

ಮರಳಿ ಬಂದವನು

ಗಿಫರ್ಡ್ 1961ರ ಋತುವಿಡೀ ಆಡಲಿಲ್ಲ. ಅವರ ಕಾಲ ಮುಗಿಯಿತೆಂದೇ ಜನ ತಿಳಿದರು. ಆದರೆ 1962ರಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ಹೊಸ ಸ್ಥಾನವೊಂದನ್ನು ಕಲಿತು ಮರಳಿದರು. ಈ ಬಾರಿ ಫ್ಲ್ಯಾಂಕರ್, ಅಂದರೆ ಅಂಚಿನಲ್ಲಿ ನಿಂತು ದೂರದ ಎಸೆತಗಳನ್ನು ಹಿಡಿಯುವವನು. 1963ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಒಂದೇ ಕೈಯಲ್ಲಿ ಹಿಡಿದ ಚೆಂಡನ್ನು ನ್ಯೂಯಾರ್ಕಿನ ಹಳೆಯ ಅಭಿಮಾನಿಗಳು ಬಹುಕಾಲ ನೆನೆದರು. ಲೀಗಿನ ಶ್ರೇಷ್ಠ ಆಟಗಾರರು ಆಡುವ ಪ್ರೊ ಬೌಲ್ ಪಂದ್ಯಕ್ಕೆ ಅವರು ಎಂಟು ಬಾರಿ ಆಯ್ಕೆಯಾದರು. ಅದೂ ಮೂರು ಬೇರೆ ಬೇರೆ ಸ್ಥಾನಗಳಲ್ಲಿ: ರಕ್ಷಕನಾಗಿ, ಹಾಫ್‌ಬ್ಯಾಕ್ ಆಗಿ, ಫ್ಲ್ಯಾಂಕರ್ ಆಗಿ. 1964ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಗಳಿಸಿದ ಟಚ್‌ಡೌನ್‌ಗಳು 78. 1971ರಿಂದ 1997ರವರೆಗೆ ಸೋಮವಾರ ರಾತ್ರಿಯ ಪಂದ್ಯಗಳ ದೂರದರ್ಶನ ಪ್ರಸಾರದಲ್ಲಿ ಅವರ ದನಿ ಮನೆಮನೆಗೂ ಪರಿಚಿತವಾಯಿತು. 1977ರಲ್ಲಿ ಆಟದ ಗೌರವ ಮಂದಿರಕ್ಕೆ ಅವರನ್ನು ಸೇರಿಸಿಕೊಂಡರು.

ಈ ಮರಳುವಿಕೆ ಶ್ಲಾಘನೀಯ. ಬಹುಮುಖತೆಯ ಒಳ್ಳೆಯ ಮುಖವನ್ನು ಇದು ತೋರಿಸುತ್ತದೆ. ಒಂದು ಬಾಗಿಲು ಮುಚ್ಚಿದಾಗ ಹೊಸದಾಗಿ ಕಲಿಯುವ ವಿನಯ ಅವರಲ್ಲಿತ್ತು. ತಾನು ಹಿಂದೆ ಏನಾಗಿದ್ದೆ ಎಂಬ ಅಭಿಮಾನಕ್ಕಿಂತ ಈಗ ತಂಡಕ್ಕೆ ಏನು ಬೇಕು ಎಂಬುದನ್ನು ಅವರು ಮುಂದಿಟ್ಟರು. ಇದು ಸದ್ಗುಣವೇ ಸರಿ. ಆದರೆ ಒಬ್ಬನ ಸದ್ಗುಣ ಮತ್ತೊಬ್ಬನ ಅನುಕೂಲವಾಗಿ ಮಾರ್ಪಡುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ದೇಹ ಇಟ್ಟ ಲೆಕ್ಕ

2015ರ ಆಗಸ್ಟ್ 9ರಂದು, 84ರ ವಯಸ್ಸಿನಲ್ಲಿ, ಗಿಫರ್ಡ್ ಕನೆಕ್ಟಿಕಟ್ ರಾಜ್ಯದ ಗ್ರೆನಿಚ್‌ನಲ್ಲಿ ತಮ್ಮ ಮನೆಯಲ್ಲಿ ನಿಧನರಾದರು. ಅವರ ಕುಟುಂಬ ಅವರ ಮೆದುಳನ್ನು ವೈದ್ಯರ ಅಧ್ಯಯನಕ್ಕೆ ಒಪ್ಪಿಸಿತು. ಅದೇ ನವೆಂಬರಿನಲ್ಲಿ ಫಲಿತಾಂಶವನ್ನು ಬಹಿರಂಗಪಡಿಸಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಉಂಟಾಗುವ ಸಿ.ಟಿ.ಇ. ಎಂಬ ಮೆದುಳಿನ ರೋಗ ಅವರಿಗಿತ್ತು. ಬದುಕಿದ್ದಾಗಲೇ ಅದರ ಲಕ್ಷಣಗಳನ್ನು ತಾವು ಕಂಡಿದ್ದೆವು, ಇತರರಿಗೆ ಉಪಯೋಗವಾಗಲೆಂದು ಇದನ್ನು ತಿಳಿಸುತ್ತಿದ್ದೇವೆ ಎಂಬುದು ಕುಟುಂಬದ ನಿಲುವಾಗಿತ್ತು. ಬೆಡ್‌ನಾರಿಕ್ ಅದೇ ವರ್ಷದ ಮಾರ್ಚ್ 21ರಂದು 89ರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರೂ ವರ್ಷಗಳಿಂದ ಮರೆವಿನ ರೋಗದಿಂದ ಬಳಲಿದ್ದರೆಂದೂ, ಆಟದ ಗಾಯಗಳೂ ಅದಕ್ಕೆ ಕಾರಣವೆಂದೂ ಅವರ ಮಗಳು ಹೇಳಿದರು. ಹೊಡೆದವರು, ಹೊಡೆತ ತಿಂದವರು ಇಬ್ಬರೂ ಒಂದೇ ಬಗೆಯ ಸಂಜೆಯನ್ನು ಕಂಡರು.

ಇಲ್ಲಿ ಅವಸರದ ತೀರ್ಮಾನ ಸಲ್ಲದು. 1960ರ ಆ ಒಂದು ಹೊಡೆತವೇ ರೋಗಕ್ಕೆ ಕಾರಣವೆಂದು ಹೇಳಲಾಗದು. ಈ ರೋಗ ದೊಡ್ಡ ಆಘಾತಗಳಿಂದಷ್ಟೇ ಅಲ್ಲ, ಲೆಕ್ಕಕ್ಕೆ ಸಿಗದ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಕೂಡಿಕೊಳ್ಳುವುದರಿಂದಲೂ ಬರುತ್ತದೆ. ಸತ್ತ ನಂತರ ಮೆದುಳನ್ನು ಪರೀಕ್ಷಿಸಿದಾಗ ಮಾತ್ರ ಖಚಿತವಾಗುತ್ತದೆ. ಹಲವು ಸ್ಥಾನಗಳಲ್ಲಿ ಆಡಿದ್ದೇ ಕಾರಣವೆಂದೂ ಹೇಳುವಂತಿಲ್ಲ. ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರ್ ಅವರಲ್ಲಿ. ಅವರು 1974ರಿಂದ 17 ಋತುಗಳ ಕಾಲ ಮುಖ್ಯವಾಗಿ ಸೆಂಟರ್ ಎಂಬ ಒಂದೇ ಸ್ಥಾನದಲ್ಲಿ ಆಡಿದವರು. 2002ರಲ್ಲಿ, 50ರ ವಯಸ್ಸಿಗೇ ತೀರಿಕೊಂಡರು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಹಾಗಾದರೆ ಅರಿಸ್ಟಾಟಲ್‌ನ ಕತ್ತಿಯ ಪ್ರಶ್ನೆ, ಅಂದರೆ ಒಂದು ಕೆಲಸವೋ ಹಲವು ಕೆಲಸವೋ ಎಂಬುದು, ನಮ್ಮ ನಿಜವಾದ ಪ್ರಶ್ನೆಯೇ ಅಲ್ಲ. ಒಂದಕ್ಕಾಗಲಿ ಹಲವಕ್ಕಾಗಲಿ, ಮನುಷ್ಯನನ್ನು ಕತ್ತಿಯಂತೆ ಬಳಸಿದೆವೋ ಇಲ್ಲವೋ ಎಂಬುದೇ ಪ್ರಶ್ನೆ.

ಜರ್ಮನ್ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಇದನ್ನೇ ನೀತಿಯ ಮೂಲಸೂತ್ರಗಳಲ್ಲಿ ಒಂದಾಗಿಸಿದನು. ಮನುಷ್ಯನನ್ನು ಎಂದೂ ಬರಿಯ ಸಾಧನವನ್ನಾಗಿ ಕಾಣಬಾರದು; ಅವನು ತನ್ನಷ್ಟಕ್ಕೆ ತಾನೇ ಒಂದು ಗುರಿ. ಒಬ್ಬರಿಂದ ಇನ್ನೊಬ್ಬರು ಕೆಲಸ ಪಡೆಯಬಾರದೆಂದು ಇದರ ಅರ್ಥವಲ್ಲ. ಹಾಗಿದ್ದರೆ ಮನೆಯೂ ನಡೆಯದು, ನಾಡೂ ನಡೆಯದು. ಕೆಲಸ ಪಡೆಯುವಾಗ ಮಾಡುವವನನ್ನು ಮರೆಯಬಾರದೆಂದೇ ಅರ್ಥ.

ಒಂದು ಆಕ್ಷೇಪಣೆ

“ಅವರು ಒಪ್ಪಿಯೇ ಆಡಿದರಲ್ಲ? ಹಣ, ಕೀರ್ತಿ, ದೀರ್ಘಾಯುಷ್ಯ ಎಲ್ಲವೂ ದೊರೆಯಿತಲ್ಲ?” ಎಂದು ನೀವು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದು. ಗಿಫರ್ಡ್‌ರನ್ನು ಯಾರೂ ಬಲವಂತದಿಂದ ಅಂಗಳಕ್ಕೆ ತಳ್ಳಲಿಲ್ಲ. ಅವರಿಗೆ ಆ ಆಟ ಪ್ರಿಯವಾಗಿತ್ತು. ಅವರನ್ನು ಬಲಿಪಶುವೆಂದು ಚಿತ್ರಿಸುವುದು ಅವರಿಗೆ ಮಾಡುವ ಅವಮಾನ.

ಆದರೆ ಒಬ್ಬನ ಒಪ್ಪಿಗೆ ಮತ್ತೊಬ್ಬನ ಹೊಣೆಯನ್ನು ಕಳೆಯುವುದಿಲ್ಲ. ಒಪ್ಪಿಗೆ ಪೂರ್ಣವಾಗಬೇಕಾದರೆ ತಿಳಿವಳಿಕೆ ಬೇಕು. 1950ರ ದಶಕದಲ್ಲಿ ತಲೆಗೆ ಬಿದ್ದ ಪೆಟ್ಟು 40 ವರ್ಷಗಳ ನಂತರ ಏನು ಮಾಡೀತೆಂದು ಆಟಗಾರರಿಗೆ ತಿಳಿದಿರಲಿಲ್ಲ. ಇನ್ನು, ಉತ್ಸಾಹಿಯಾದವನು ತನ್ನ ಮಿತಿಯನ್ನು ತಾನೇ ಕಾಣುವುದು ಕಡಿಮೆ. ಅವನಿಗಿಂತ ಮೊದಲು ಅದನ್ನು ಕಾಣಬೇಕಾದವರು ಅವನಿಂದ ಪ್ರಯೋಜನ ಪಡೆಯುವವರು.

ಈ ಮಾತು ಆಟಗಾರರಿಗೇ ಅಂದು ಹೊಳೆದಿತ್ತೆಂಬುದು ಗಮನಾರ್ಹ. ಗಿಫರ್ಡ್ ಅತ್ಯಮೂಲ್ಯ ಆಟಗಾರರೆನಿಸಿದ ಅದೇ 1956ರಲ್ಲಿ ಆಟಗಾರರ ಸಂಘವೊಂದು ಹುಟ್ಟಿತು. ಅದನ್ನು ಕಟ್ಟುವಲ್ಲಿ ಗಿಫರ್ಡ್‌ರ ಪಾಲೂ ಇತ್ತು. ಅವರ ಬೇಡಿಕೆಗಳು ಬಹಳ ಸಾಧಾರಣವಾದವು. ವರ್ಷಕ್ಕೆ 5,000 ಡಾಲರ್ ಕನಿಷ್ಠ ವೇತನ, ಆಟದ ಸಾಮಗ್ರಿಯ ಖರ್ಚು, ಮತ್ತು ಗಾಯಗೊಂಡು ಕುಳಿತವನಿಗೂ ಸಂಬಳ. ಈ ಕೊನೆಯದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ನಾವು ಏನನ್ನೂ ಮಾಡಲಾರದ ದಿನವೂ ನಮ್ಮನ್ನು ನಿಮ್ಮವರೆಂದು ಎಣಿಸಿ ಎಂಬುದಲ್ಲದೆ ಅದು ಬೇರೇನು?

ಕಾಲ ಕಳೆದಂತೆ ಕೆಲವು ಬದಲಾವಣೆಗಳಾದವು. ಸಾವಿರಾರು ನಿವೃತ್ತ ಆಟಗಾರರು ಹೂಡಿದ ಮೊಕದ್ದಮೆಯಲ್ಲಿ ಲೀಗ್ 2013ರಲ್ಲಿ ಪರಿಹಾರಕ್ಕೆ ಒಪ್ಪಿತು. 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅಂತಿಮ ಮುದ್ರೆ ಒತ್ತಿತು. ಇಂದು ಪಂದ್ಯದ ವೇಳೆ ತಂಡಕ್ಕೆ ಸೇರದ ನರರೋಗ ತಜ್ಞರು ಅಂಗಳದ ಬದಿಯಲ್ಲಿರುತ್ತಾರೆ. ತಲೆಗೆ ಆಘಾತವಾದ ಲಕ್ಷಣ ಕಂಡವನನ್ನು ಪರೀಕ್ಷಿಸದೆ ಮರಳಿ ಆಡಿಸುವಂತಿಲ್ಲ. ‘ನಾನು ಆಡಬಲ್ಲೆ’ ಎಂದು ಆಟಗಾರನೇ ಹೇಳಿದರೂ ಆ ಮಾತೊಂದೇ ಸಾಲದು ಎಂದು ಲೀಗ್ ಕಡೆಗೂ ಒಪ್ಪಿಕೊಂಡಿತು.

ನಮ್ಮ ಮನೆಗಳ ಬಲ್ಲವರು

ಇನ್ನು ಆ ಅಂಗಳವನ್ನು ಬಿಟ್ಟು ನಮ್ಮ ಮನೆಗಳತ್ತ ಬರೋಣ. ಪ್ರತಿ ಕುಟುಂಬದಲ್ಲಿಯೂ ಒಬ್ಬ ಬಲ್ಲವರಿರುತ್ತಾರೆ. ಅಡಿಗೆಗೂ ಅವರೇ, ಆಸ್ಪತ್ರೆಗೂ ಅವರೇ. ಮುದಿ ತಂದೆತಾಯಿಯರ ಔಷಧಿಯ ಹೊತ್ತು ನೆನಪಿಡುವವರು ಅವರೇ. ಬ್ಯಾಂಕಿನ ಕಾಗದ ತುಂಬುವವರು, ಮದುವೆಮನೆಯಲ್ಲಿ ಓಡಾಡುವವರು, ಮುನಿದವರನ್ನು ಸಮಾಧಾನಪಡಿಸುವವರು ಕೂಡ ಅವರೇ. ಹಲವು ಬಾರಿ ಅದು ಹಿರಿಯ ಮಗಳು ಅಥವಾ ಹಿರಿಯ ಸೊಸೆ. ಕೆಲವೆಡೆ ಮದುವೆಯಾಗದೆ ಉಳಿದ ತಮ್ಮ. “ಅವಳಿದ್ದರೆ ಸಾಕಪ್ಪಾ, ಏನೂ ಚಿಂತೆಯಿಲ್ಲ” ಎಂದು ನಾವು ಹೊಗಳುತ್ತೇವೆ. ನಮ್ಮ ಚಿಂತೆಯೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಅದು ಅವಳ ಹೆಗಲಿಗೆ ಹೋಗಿದೆ.

ಇಂಥವರಿಗೆ ನಾವು ಸಲ್ಲಿಸಬೇಕಾದದ್ದು ಮೂರು. ಮೊದಲನೆಯದು, ಕೇಳುವ ಮುನ್ನ ಎಣಿಸುವುದು: ಇವರ ಮೇಲೆ ಈಗಾಗಲೇ ಎಷ್ಟಿದೆ, ಈ ಕೆಲಸವನ್ನು ಬೇರೆ ಯಾರಾದರೂ, ಸ್ವಲ್ಪ ಒರಟಾಗಿಯಾದರೂ, ಮಾಡಬಹುದೇ ಎಂದು. ಎರಡನೆಯದು, ಅವರ ‘ಆಗುವುದಿಲ್ಲ’ ಎಂಬ ಮಾತನ್ನು ಅಪರಾಧವೆಂದು ತಿಳಿಯದಿರುವುದು. ನೂರು ಬಾರಿ ಆಗಲಿ ಎಂದವರು ಒಮ್ಮೆ ಆಗದು ಎಂದರೆ ನಮಗೆ ನೆನಪುಳಿಯುವುದು ಆ ಒಂದೇ ಸಲ. ಇದು ನಮ್ಮ ದೌರ್ಬಲ್ಯ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಅವರು ಯಾವುದಕ್ಕೂ ಒದಗದಂತಾದ ದಿನವೂ ಅವರ ಸ್ಥಾನವನ್ನು ಹಾಗೆಯೇ ಉಳಿಸುವುದು. ನಾವು ಪ್ರೀತಿಸಿದ್ದು ಅವರನ್ನೋ, ಅವರ ಕೆಲಸವನ್ನೋ ಎಂಬುದು ಬೆಳಕಿಗೆ ಬರುವುದು ಆ ದಿನವೇ.

ಬಲ್ಲವರಾದ ನೀವೇ ಇದನ್ನು ಓದುತ್ತಿದ್ದರೆ, ನಿಮಗೂ ಒಂದು ಮಾತು. ಗಿಫರ್ಡ್‌ರಂತೆ ಹೊಸದನ್ನು ಕಲಿಯುವ ಮನಸ್ಸನ್ನು ಉಳಿಸಿಕೊಳ್ಳಿ. ಆದರೆ ಎಲ್ಲೆಡೆ ನೀವೇ ಇರಬೇಕೆಂಬ ಹಂಬಲದಲ್ಲಿ, ಇತರರು ಕಲಿಯುವ ಅವಕಾಶವನ್ನು ಕಸಿಯದಿರಿ. ಹೊರೆಯನ್ನು ಇಳಿಸಿಕೊಡಲು ಯಾರಾದರೂ ಮುಂದೆ ಬಂದರೆ ಬೇಡವೆನ್ನದಿರಿ.

ಗಿಫರ್ಡ್ ತೊಡುತ್ತಿದ್ದ 16ನೆಯ ಸಂಖ್ಯೆಯ ಅಂಗಿಯನ್ನು ಜೈಂಟ್ಸ್ ತಂಡ 2000ದಲ್ಲಿ ನಿವೃತ್ತಿಗೊಳಿಸಿತು. ಅಂದರೆ ಆ ತಂಡದಲ್ಲಿ ಇನ್ನಾರೂ ಆ ಸಂಖ್ಯೆ ತೊಡುವುದಿಲ್ಲ. ಅದು ದೊಡ್ಡ ಗೌರವವೇ. ಆದರೆ ಅಂಗಿಗೆ ವಿಶ್ರಾಂತಿ ಕೊಡುವುದು ಸುಲಭ, ತೊಟ್ಟವನು ದುಡಿಯುತ್ತಿರುವಾಗಲೇ ಅವನಿಗೆ ವಿಶ್ರಾಂತಿ ಕೊಡುವುದು ಕಷ್ಟ. ನಿಮ್ಮ ಮನೆಯ ಆ ಬಲ್ಲವರು ಯಾರೆಂದು ನೀವು ಈಗಾಗಲೇ ನೆನೆದಿರುತ್ತೀರಿ. ಈ ಪತ್ರಿಕೆಯನ್ನು ಮಡಿಚಿಟ್ಟ ಮೇಲೆ ಅವರ ಬಳಿ ಹೋಗಿ, ಯಾವ ಕೆಲಸವನ್ನೂ ಹೇಳದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.